ಹನ್ನೊಂದು ಸೆಕೆಂಡಿನ ನಡಿಗೆ

ಜನವರಿ 9

ಎಡಗಾಲು ಬಲಗಾಲುಗಳ ನಡುವಿನ ಕೂದಲೆಳೆಯ ವ್ಯತ್ಯಾಸವನ್ನೂ ಬರಿಗಣ್ಣಿನಲ್ಲಿ ಅಳೆಯಬಲ್ಲವಳೂ, ಮರ, ಚರ್ಮ, ಮೊಳೆಗಳೆಂಬ ಮೂರು ಲೋಕಗಳ ಯುವರಾಣಿಯೂ, ಸದ್ಯಕ್ಕೆ ಪರಸ್ಥಳದಲ್ಲಿ ತಾನೇ ವಿಧಿಸಿಕೊಂಡ ವನವಾಸದಲ್ಲಿರುವವಳೂ, ನನಗಿಂತ ಒಂಬತ್ತು ವರ್ಷ ಮೊದಲು ಹುಟ್ಟಿದ ಒಂದೇ ಸಾಧನೆಯಿಂದ ನನ್ನ ಕಿವಿ ಹಿಂಡುವ ಹಕ್ಕು ಗಳಿಸಿದವಳೂ ಆದ ಮಹಾರಾಜಶ್ರೀ ಅಕ್ಕನ ದಿವ್ಯ ಸನ್ನಿಧಾನಕ್ಕೆ,

ಈ ಅಂಗಡಿಯ ಪ್ರಚಾರ ಮಂತ್ರಿ, ಕಸ ಗುಡಿಸುವ ಮಂತ್ರಿ ಹಾಗೂ ಏಕೈಕ ಪ್ರಜೆಯಾದ ತಂಗಿಯ ಬಿನ್ನಹ.

ನೀನು ಫೋನ್ ನಂಬರ್ ಬದಲಾಯಿಸಿ ಏಳು ತಿಂಗಳಾಯಿತು. ಹೊಸದನ್ನು ನಮಗೆ ಕೊಟ್ಟಿಲ್ಲ. ಆದರೆ ಹೋಗುವಾಗ ಅಪ್ಪನ ಸಣ್ಣ ಉಳಿ ನಿನ್ನ ಚೀಲಕ್ಕೆ ಸೇರಿಕೊಂಡಿತ್ತು, ಅದನ್ನು ನೀನು ಅಂಚೆಯಲ್ಲಿ ವಾಪಸ್ ಕಳಿಸಿದೆ. ಕಳಿಸುವವರ ವಿಳಾಸವಿಲ್ಲದೆ ಅಂಚೆಯವರು ಪೊಟ್ಟಣ ಮುಟ್ಟುವುದಿಲ್ಲ. ಅಂಚೆಯವರಿಗೆ ಜಯವಾಗಲಿ.

ರಾಜ್ಯದ ಸ್ಥಿತಿ ಹೀಗಿದೆ. ನಿನ್ನ ಮಣೆಯ ಮೇಲೆ ಈಗ ನನ್ನ ಕಾಲೇಜಿನ ಪುಸ್ತಕಗಳು ಕೂತಿವೆ, ಅವು ಏನನ್ನೂ ಕೆತ್ತುವುದಿಲ್ಲ. ಗೋಡೆಯ ಮೇಲೆ ಗಿರಾಕಿಗಳ ಕಾಲಿನ ಅಳತೆಗೆ ಕೆತ್ತಿದ ಮರದ ಅಚ್ಚುಗಳು ಜೋಡಿ ಜೋಡಿಯಾಗಿ ನೇತಾಡುತ್ತಲೇ ಇವೆ. ಒಂದು ಕಾಲು ಗಿಡ್ಡ, ಒಂದು ಉದ್ದ, ಒಂದಕ್ಕೆ ಬೆರಳಿಲ್ಲ, ಇನ್ನೊಂದಕ್ಕೆ ಹಿಮ್ಮಡಿ ಒಳಗೆ ತಿರುಗಿದೆ. ಬಜಾರಿನ ಯಾವ ಬೂಟೂ ಒಪ್ಪದ ಕಾಲುಗಳವು. ಅವುಗಳ ಒಡೆಯರು ಮಾತ್ರ ಬರುವುದು ಕಡಿಮೆಯಾಗಿದೆ. ಕಳೆದ ತಿಂಗಳು ಬಂದವರು ಇಬ್ಬರು. ಒಬ್ಬರು ದಾರ ಬಿಟ್ಟ ಬೂಟಿಗೆ ಹೊಲಿಗೆ ಹಾಕಿಸಿಕೊಳ್ಳಲು, ಇನ್ನೊಬ್ಬರು ಬಸ್ ನಿಲ್ದಾಣ ಎಲ್ಲಿ ಎಂದು ಕೇಳಲು.

ಮೊನ್ನೆ ಅಪ್ಪ ಹಲ್ಲುಜ್ಜುತ್ತಾ ಹೇಳಿದರು, "ಜೂನ್‌ಗೆ ಅಂಗಡಿ ಬಾಡಿಗೆ ಕರಾರು ಮುಗಿಯುತ್ತೆ. ಮುಂದುವರಿಸಲ್ಲ."

"ಅಚ್ಚುಗಳನ್ನೆಲ್ಲ ಏನ್ ಮಾಡ್ತೀರಿ?"

"ಒಣಗಿದ ಮರ. ಚೆನ್ನಾಗಿ ಉರಿಯುತ್ತೆ."

ನಾಳೆ ಮೋಡ ಇರಬಹುದು ಎನ್ನುವ ಧಾಟಿಯಲ್ಲಿ ಹೇಳಿದರು ಅಕ್ಕಾ. ನನಗೆ ನಗುವೂ ಬರಲಿಲ್ಲ, ನಗಿಸುವುದಕ್ಕೂ ಬರಲಿಲ್ಲ. ನನ್ನ ಮಟ್ಟಿಗೆ ಇದು ಅಪರೂಪದ ಕಾಯಿಲೆ.

ಆದ್ದರಿಂದ ಜೂನ್ ಒಳಗೆ ಈ ಅಂಗಡಿಗೆ ಕಾಲುಗಳನ್ನು ತರಿಸಬೇಕೆಂದು ಮಂತ್ರಿಮಂಡಲ, ಅಂದರೆ ನಾನು, ತೀರ್ಮಾನಿಸಿದೆ. ನೀನೀಗ ಸೋಷಿಯಲ್ ಮೀಡಿಯಾದಲ್ಲಿ ಬೇರೆಯವರ ಬೂಟು ಮಾರಿಸುವ ಕಂಪನಿಯಲ್ಲಿದ್ದೀಯೆ. ಒಂದೇ ಪ್ರಶ್ನೆ: ನಾನು ಬ್ಲಾಗ್ ಬರೆಯಲೋ, ವಿಡಿಯೋ ಹಾಕಲೋ?

ನಿನ್ನ ಪಾದಧೂಳಿ,
ತಂಗಿ


ಜನವರಿ 24

ಕಪಿಗೆ,

ಎರಡೂ ಬೇಡ.

ಕೇಳಿದ್ದಕ್ಕೆ ಉತ್ತರ ಬೇಕಿದ್ದರೆ ಇಷ್ಟು. ಸೋಷಿಯಲ್ ಮೀಡಿಯಾ ಎಂದರೆ ಸಂತೆಯಲ್ಲಿ ಕೂಗುವುದು. ಎಲ್ಲರೂ ತಿರುಗಿ ನೋಡುತ್ತಾರೆ, ಯಾರೂ ನಿಲ್ಲುವುದಿಲ್ಲ. ನಾಳೆ ಮತ್ತೆ ಕೂಗಬೇಕು, ಇನ್ನೂ ಜೋರಾಗಿ. ಬ್ಲಾಗ್ ಎಂದರೆ ಓಣಿಯ ಕೊನೆಯಲ್ಲಿ ಬೋರ್ಡು ನೆಟ್ಟು ಕಾಯುವುದು. ನಿಜವಾಗಿ ಹುಡುಕುತ್ತಿರುವವನು ಒಂದು ದಿನ ಬರುತ್ತಾನೆ, ಬಂದರೆ ಪೂರ್ತಿ ಓದುತ್ತಾನೆ. ಆದರೆ ಅವನು ಬರುವುದಕ್ಕೆ ಆರು ತಿಂಗಳೋ ವರ್ಷವೋ ಬೇಕು. ನಿನ್ನ ಬಳಿ ಇರುವುದು ಐದು ತಿಂಗಳು.

ಅಚ್ಚು ಉರಿಸುವ ಮಾತಾಡಿದ್ದಾರೆಂದರೆ ಅಪ್ಪ ಕೆತ್ತುವುದನ್ನು ನಿಲ್ಲಿಸಿದ್ದಾರೆ. ಯಾಕೆ ಎಂದು ನೀನು ಬರೆದಿಲ್ಲ. ಬಲಗೈ ಹೆಬ್ಬೆರಳೇ? ಕಳೆದ ವರ್ಷವೇ ಉಳಿ ಹಿಡಿದಾಗ ನಡುಗುತ್ತಿತ್ತು.

ನಾನು ಕೇಳಿದೆನೆಂದು ಹೇಳಬೇಡ.

ಅಕ್ಕ


ಫೆಬ್ರವರಿ 18

ಬ್ಲಾಗ್‌ದ್ವೇಷಿಯೂ ಸಂತೆಯ ಸಾಮ್ರಾಜ್ಞಿಯೂ ಆದ ಅಕ್ಕನಿಗೆ,

ಹೌದು, ಬಲಗೈ ಹೆಬ್ಬೆರಳು. ಹೊಲಿಯುತ್ತಾರೆ, ಅಂಟು ಹಾಕುತ್ತಾರೆ, ಅಳತೆ ತೆಗೆಯುತ್ತಾರೆ. ಕೆತ್ತಲು ಆಗುವುದಿಲ್ಲ. ಅಚ್ಚಿಲ್ಲದೆ ನಮ್ಮ ಬೂಟಿಲ್ಲ. ಯಾರಾದರೂ ಹೊಸ ಗಿರಾಕಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಯಾರೂ ಬರ್ತಿಲ್ವಲ್ಲ, ಸರಿಹೋಯ್ತು" ಅಂದರು.

ಎರಡೂ ಬೇಡ ಎಂಬ ನಿನ್ನ ಅಪ್ಪಣೆಯನ್ನು ಶಿರಸಾ ವಹಿಸಿ ಎರಡನ್ನೂ ಶುರು ಮಾಡಿದ್ದೇನೆ.

ಮೊದಲು ನಿನ್ನ ಸಂತೆ. ಅಚ್ಚುಗಳ ಗೋಡೆಯ ಫೋಟೋ ಹಾಕಿದೆ, ಅಚ್ಚು ಮಾತ್ರ, ಮನುಷ್ಯರಿಲ್ಲ. ಒಂದೇ ದಿನಕ್ಕೆ ಮುನ್ನೂರ ಹನ್ನೆರಡು ಹೃದಯ! ಕಾಲು ಮಾತ್ರ ಒಂದೂ ಇಲ್ಲ. ಹದಿನಾಲ್ಕು ಜನ "ವಾವ್" ಅಂದರು. ಕಾಫಿ ಅಂಗಡಿಯವನೊಬ್ಬ ಅಲಂಕಾರಕ್ಕೆಂದು ಇಪ್ಪತ್ತು ಅಚ್ಚು ಕೇಳಿದ. ಅಪ್ಪನಿಗೆ ಹೇಳಿದೆ.

"ಏನಂತೆ?"

"ಗೋಡೆಗೆ ನೇತುಹಾಕ್ತಾನಂತೆ."

"ಇಲ್ಲೂ ಗೋಡೆಗೇ ಇರೋದು. ಅವನಿಗೆ ಯಾರ ಕಾಲು ಅಂತ ಗೊತ್ತಾ?"

"ಇಲ್ಲ."

"ಹಂಗಾದ್ರೆ ಬೇಡ."

ಆಮೇಲೆ ಬ್ಲಾಗ್. ಬ್ಲಾಗ್ ಎಂದರೇನು ಎಂದು ಕೇಳಿದರು. "ಅಂಗಡಿ ಮುಂದೆ ನಿಂತು ನಮ್ಮ ಕೆಲಸದ ಬಗ್ಗೆ ಮಾತಾಡೋ ಥರ ಅಪ್ಪ. ಆದ್ರೆ ಎದುರಿಗೆ ಯಾರೂ ಇರಲ್ಲ" ಎಂದು ವಿವರಿಸಿದೆ.

"ಎದುರಿಗೆ ಯಾರೂ ಇಲ್ದೆ ಮಾತಾಡೋರಿಗೆ ಬೇರೆ ಹೆಸರಿದೆ."

ಮೊದಲ ಬರಹದಲ್ಲಿ ಅಪ್ಪನನ್ನು 'ಪಾದರಕ್ಷೆಗಳ ಚಕ್ರವರ್ತಿ' ಎಂದು ಬರೆದಿದ್ದೆ. ಓದಿಸಿಕೊಂಡು ಕೇಳಿ, "ಇವನ ಹತ್ರ ನಾನಾದ್ರೆ ಬೂಟು ಮಾಡಿಸಲ್ಲ" ಅಂದರು. ಅಳಿಸಿದೆ. ಎರಡನೇ ಬರಹ ಪರವಾಗಿಲ್ಲ. ವಿಳಾಸವನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಓದಿ ತಪ್ಪು ಹೇಳು. ತಪ್ಪು ಹೇಳುವುದೆಂದರೆ ನಿನಗೆ ಹಬ್ಬ.

ಒಂದು ವಿಷಯ ಕೇಳುತ್ತೇನೆ, ಸಿಟ್ಟಾಗಬೇಡ. ನೀನು ಮನೆ ಬಿಟ್ಟ ದಿನ ನನಗೆ ಪರೀಕ್ಷೆ ಇತ್ತು. ಮನೆಗೆ ಬಂದಾಗ ನಿನ್ನ ಚೀಲ ಬಾಗಿಲಲ್ಲಿತ್ತು. ವಿಡಿಯೋ ವಿಷಯ ಊರಿನವರ ಬಾಯಿಂದ ಕೇಳಿದ್ದೇನೆ, ನಿನ್ನ ಬಾಯಿಂದ ಕೇಳಿಲ್ಲ. ಅಪ್ಪ ಬಾಯಿ ಬಿಡುವುದಿಲ್ಲ.

ತಂಗಿ


ಮಾರ್ಚ್ 12

ಕಪಿಗೆ,

ಹೇಳುತ್ತೇನೆ. ಒಂದೇ ಸಲ.

ಮೇಷ್ಟ್ರು ನಿನಗೆ ಗೊತ್ತು, ಪ್ರಾಥಮಿಕ ಶಾಲೆಯವರು. ಎಡಗಾಲು ಎರಡು ಬೆರಳಗಲ ಗಿಡ್ಡ. ಐವತ್ತು ವರ್ಷ ಒಂದು ಪಕ್ಕಕ್ಕೆ ವಾಲಿಕೊಂಡೇ ನಡೆದವರು. ಅವರ ಅಚ್ಚನ್ನು ನಾನೊಬ್ಬಳೇ ಕೆತ್ತಿದ್ದೆ, ಅಪ್ಪ ಕೈ ಹಾಕಿರಲಿಲ್ಲ. ನಾನು ಪೂರ್ತಿಯಾಗಿ ಮಾಡಿದ ಮೊದಲ ಜೊತೆ.

ಅಂಗಡಿಯ ನಿಯಮ ನಿನಗೂ ಗೊತ್ತು. ಗಿರಾಕಿ ಬೂಟು ಬಿಚ್ಚುವ ಮೊದಲು ಪರದೆ ಎಳೆಯಬೇಕು. ಒಳಗೆ ಅಳತೆ ತೆಗೆಯುವವರು ಮಾತ್ರ. ಮಗು ಬಂದರೆ ತಾಯಿ, ಅಷ್ಟೇ. ಹೊಸ ಬೂಟು ಹಾಕಿ ಮೊದಲ ನಾಲ್ಕು ಹೆಜ್ಜೆ ಇಡುವುದೂ ಪರದೆಯ ಒಳಗೇ.

ಮೇಷ್ಟ್ರು ಎದ್ದು ನಿಂತರು. ಮೊದಲ ಮೂರು ಹೆಜ್ಜೆ ಹಳೆಯ ಅಭ್ಯಾಸದಂತೆ ಪಕ್ಕಕ್ಕೆ ಎಸೆದುಕೊಂಡು ಹೋದರು. ಕಾಲು ಸರಿಯಿತ್ತು, ಮೈಗೆ ಇನ್ನೂ ಸುದ್ದಿ ತಲುಪಿರಲಿಲ್ಲ. ನಾಲ್ಕನೆಯ ಹೆಜ್ಜೆಗೆ ನೆಟ್ಟಗಾದರು. ಅಲ್ಲಿಂದ ಗೋಡೆಯವರೆಗೆ ನೇರ ನಡೆದು ಗೋಡೆಗೆ ಕೈಯಿಟ್ಟು ನಿಂತರು. ಒಟ್ಟು ಹನ್ನೊಂದು ಸೆಕೆಂಡು. ನಾನು ಫೋನಿನಲ್ಲಿ ಹಿಡಿದೆ. ಸೊಂಟದಿಂದ ಕೆಳಗೆ ಮಾತ್ರ. ಮುಖ ಕಾಣುವುದಿಲ್ಲವಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಮೆಟ್ಟಿಲ ಮೇಲಿನ ಸಪ್ಪಳ ಕೇಳಿಯೇ ಬಂದವರ್ಯಾರೆಂದು ಹೇಳುವ ಮನೆಯಲ್ಲಿ ಹುಟ್ಟಿ ಹಾಗೆಂದುಕೊಂಡೆ.

ಅವತ್ತು ಸಂಜೆ ಹಾಕಿದೆ. ಎರಡು ದಿನದಲ್ಲಿ ಲಕ್ಷಗಟ್ಟಲೆ ಜನ ನೋಡಿದರು. ಯಾರೋ ಅದನ್ನು ಕತ್ತರಿಸಿ ಮೊದಲ ಮೂರು ಹೆಜ್ಜೆ ಮಾತ್ರ ಇಟ್ಟುಕೊಂಡು ಕುಣಿತದ ಸಂಗೀತ ಸೇರಿಸಿದರು. ಲೋಕ ಸುತ್ತಿದ್ದು ಅದು. ನೆಟ್ಟಗೆ ನಡೆದ ಭಾಗವನ್ನು ಯಾರೂ ನೋಡಲಿಲ್ಲ. ಮೇಷ್ಟ್ರ ತರಗತಿಯ ಮಕ್ಕಳು ಮೈದಾನದಲ್ಲಿ ಸಾಲಾಗಿ ಆ ಮೂರು ಹೆಜ್ಜೆ ಹಾಕಿದರಂತೆ.

ನಾಲ್ಕನೆಯ ದಿನ ಅವರು ಹಳೆಯ ಬೂಟು ಹಾಕಿಕೊಂಡು ವಾಲಿಕೊಂಡೇ ಬಂದರು. ಹೊಸ ಜೊತೆಯನ್ನು ಕಟ್ಟೆಯ ಮೇಲಿಟ್ಟರು. "ಚೆನ್ನಾಗಿತ್ತಮ್ಮ" ಅಂದರು. ಹೋದರು. ಬೈದಿದ್ದರೆ ನಾನು ಇವತ್ತೂ ಅಲ್ಲೇ ಇರುತ್ತಿದ್ದೆನೇನೋ.

ಅಪ್ಪ ಹೇಳಿದ್ದು ಒಂದೇ ಮಾತು. "ಪರದೆ ಯಾಕಿದೆ ಅಂತ ನಿಂಗೆ ಹೇಳ್ಕೊಡೋದು ಮರೆತೆ."

ನಾನು ವಿಡಿಯೋ ಅಳಿಸಿದೆ. ಅದು ಅಳಿಯಲಿಲ್ಲ. ಈ ಕಂಪನಿಯಲ್ಲಿ ಈಗಲೂ ದಿನಕ್ಕೊಮ್ಮೆಯಾದರೂ ಎದುರಾಗುತ್ತದೆ.

ಹಬ್ಬ ಎಂದೆಯಲ್ಲ, ತಪ್ಪು ಹೇಳುವುದು.

ಅಕ್ಕ


ಏಪ್ರಿಲ್ 20

ಅಕ್ಕನಿಗೆ,

ಬಿರುದುಗಳಿಗೆ ಇವತ್ತು ರಜೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ಒಂದೊಂದು ತಮಾಷೆಯಿತ್ತು.

ಸುದ್ದಿ ಇದೆ. ಮೂವರು ಬಂದಿದ್ದಾರೆ! ಬೇಕರಿಯಾಕೆ ಒಬ್ಬಳು, ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಲ್ಲುವವಳು, ಬಲಗಾಲಿನ ಹೆಬ್ಬೆರಳಿಲ್ಲ. ಒಬ್ಬ ಲಿಫ್ಟ್ ಮೆಕ್ಯಾನಿಕ್. ಮತ್ತೆ ಎಂಟು ವರ್ಷದ ಒಂದು ಹುಡುಗಿ, ಅವಳ ತಾಯಿಯ ಜೊತೆ. ಮೂವರೂ ಬ್ಲಾಗ್ ಓದಿ ಬಂದವರು. ಓದುಗರ ಸಂಖ್ಯೆ ದಿನಕ್ಕೆ ಇಪ್ಪತ್ತೇಳು ಮುಟ್ಟಿದೆ. ಓಣಿಯ ಬೋರ್ಡಿಗೆ ಜಯ, ಸಂತೆಗೆ ಧಿಕ್ಕಾರ.

ಬ್ಲಾಗ್ ಯಾಕೆ ಗೆದ್ದಿತು ಗೊತ್ತೇ? ಯಾಕೋ ಒಂದು ದಿನ ಅಪ್ಪ ತಾವಾಗಿಯೇ ಹೇಳಿ ಬರೆಸಲು ಶುರು ಮಾಡಿದರು. ಈಗ ವಾರಕ್ಕೆರಡು ಸಲ, ಮಧ್ಯಾಹ್ನ ಊಟದ ಮೊದಲು. ನಾನು ಒಂದು ಪದ ಸೇರಿಸಿದರೂ ಹಿಡಿಯುತ್ತಾರೆ.

"ನಾನು 'ಅದ್ಭುತ' ಅಂದ್ನಾ?"

"ಇಲ್ಲಪ್ಪ, ಓದೋರಿಗೆ ಸ್ವಲ್ಪ..."

"ತೆಗಿ."

ಎಂಟು ವರ್ಷದ ಹುಡುಗಿ ಪರದೆಯೊಳಗೆ ಹೋಗಲು ಹೆದರಿದಳು. ಅಪ್ಪ ತಮ್ಮ ಬೂಟನ್ನೇ ಮೊದಲು ಬಿಚ್ಚಿ, "ನಂದು ನೋಡು, ಎರಡೂ ಕಾಲಲ್ಲಿ ಆಣಿ. ಈಗ ನಿಂದು ತೋರ್ಸು, ಲೆಕ್ಕ ಚುಕ್ತಾ" ಅಂದರು. ಆಮೇಲೆ ಒಳಗಿನಿಂದ ಇಬ್ಬರೂ ನಗುವುದು ಕೇಳಿಸಿತು.

ಇನ್ನು ಕೆಟ್ಟ ಸುದ್ದಿ. ಮೂರು ಅಳತೆಗಳು ಗೋಡೆಯ ಮೇಲೆ ಕಾಗದವಾಗಿಯೇ ಅಂಟಿಕೊಂಡಿವೆ. ಕೆತ್ತುವವರಿಲ್ಲ. ಹುಡುಗಿಯ ಅಚ್ಚನ್ನು ನಾನು ಪ್ರಯತ್ನಿಸಿದೆ. ಮರ ನಡುವೆ ಸೀಳಿ ಎರಡಾಯಿತು. ಅಪ್ಪ ಎರಡೂ ತುಂಡುಗಳನ್ನು ತಿರುಗಿಸಿ ನೋಡಿ, "ಒಳ್ಳೇ ಬಾಗಿಲ ಆಪು ಆಗುತ್ತೆ" ಅಂದರು. ಬಾಗಿಲು ಮುಚ್ಚಿಕೊಳ್ಳದಂತೆ ಅದರಡಿಗೆ ಇಟ್ಟೂ ಇಟ್ಟರು. ಜೂನ್ ಒಳಗೆ ಈ ಮೂರು ಜೊತೆ ಆಗದಿದ್ದರೆ ಮೂವರಿಗೂ ಕ್ಷಮೆ ಕೇಳಿ ಬಾಗಿಲು ಹಾಕುತ್ತಾರಂತೆ. ಕರಾರಿನ ಕಾಗದ ಸಹಿಯಿಲ್ಲದೆ ಮೇಜಿನ ಮೇಲಿದೆ.

ನೀನು ಬಾ ಎಂದು ನಾನು ಕರೆಯುವುದಿಲ್ಲ. ಮೂರು ಕಾಗದ ಗೋಡೆಯ ಮೇಲಿವೆ ಎಂದಷ್ಟೇ ಹೇಳುತ್ತಿದ್ದೇನೆ.

ತಂಗಿ


ಮೇ 6

ಕಪಿಗೆ,

ಮರ ಸೀಳಿದ್ದು ಯಾಕೆಂದರೆ ನೀನು ಮರದ ಎಳೆಗೆ ಎದುರಾಗಿ ಉಳಿ ಹಿಡಿದೆ. ಹಿಮ್ಮಡಿಯಿಂದ ಬೆರಳಿನ ಕಡೆಗೆ ಕೆತ್ತಬೇಕು.

ಬ್ಲಾಗ್ ಓದುತ್ತಿದ್ದೇನೆ. ವೃತ್ತಿಯವಳಾಗಿ ಹೇಳುವುದಾದರೆ ಎಲ್ಲವೂ ತಪ್ಪು. ಶೀರ್ಷಿಕೆ ಮಂಕು, ಚಿತ್ರವಿಲ್ಲ, ವಾಕ್ಯಗಳು ಮೊಳದುದ್ದ. ಇಷ್ಟುದ್ದದ್ದನ್ನು ಯಾರೂ ಓದುವುದಿಲ್ಲ. ನಾನು ಒಂದೊಂದನ್ನೂ ಎರಡು ಸಲ ಓದಿದೆ.

"ಅಳತೆ ತೆಗೆಯುವಾಗ ಗಿರಾಕಿಯ ಹತ್ತಿರ ಕಾಲಿನ ಮಾತು ಆಡಬಾರದು. ಮನೆಯ ಮಾತು, ಮಕ್ಕಳ ಮಾತು ಆಡಿಸಬೇಕು. ತನ್ನ ಕಾಲನ್ನು ಮರೆತ ಮನುಷ್ಯ ಮಾತ್ರ ಅದರ ಮೇಲೆ ಸರಿಯಾಗಿ ನಿಲ್ಲುತ್ತಾನೆ." ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಕೆಲಸ ಕಲಿತೆ. ಅಪ್ಪ ಮಾತಾಡಿಸುವುದು ಸುಮ್ಮನೆ ಹೊತ್ತು ಹೋಗಲೆಂದು ಅಂದುಕೊಂಡಿದ್ದೆ. ನನಗೆ ಒಂದು ದಿನವೂ ಹೇಳಲಿಲ್ಲ. ಇಪ್ಪತ್ತೇಳು ಜನ ಅಪರಿಚಿತರಿಗೆ ಹೇಳುತ್ತಿದ್ದಾರೆ.

ಪರದೆಯ ಬಗ್ಗೆ ಬರೆಸಿದ್ದನ್ನೂ ಓದಿದೆ. ಅದನ್ನು ಮಾತ್ರ ನಾಲ್ಕು ಸಲ.

ನಮ್ಮ ಕಂಪನಿಯ ಬೂಟಿನ ಪುಟಕ್ಕೆ ನಲವತ್ತು ಸಾವಿರ ಹಿಂಬಾಲಕರು. ಅವರಲ್ಲಿ ಒಬ್ಬರ ಕಾಲನ್ನೂ ನಾನು ಮುಟ್ಟಿಲ್ಲ. ಬೆಳಿಗ್ಗೆ ಬರುತ್ತೇನೆ, ನಿನ್ನೆಗಿಂತ ಜೋರಾಗಿ ಕೂಗುತ್ತೇನೆ, ಹೋಗುತ್ತೇನೆ. ಕೆಲಸ ಕಷ್ಟವಲ್ಲ. ಕೈಗಳಿಗೆ ಏನೂ ಕೆಲಸವಿಲ್ಲ, ಅಷ್ಟೇ.

ಆದರೆ ನಾನಾಗಿ ಬರುವುದಿಲ್ಲ. ಮರೆತೆ ಎಂದು ಹೇಳಿದವರು ಅಪ್ಪ. ಬಾ ಎಂದು ಹೇಳಬೇಕಾದವರೂ ಅವರೇ. ಬಂದರೂ ಮೇಷ್ಟ್ರು ದಿನಾ ಆ ರಸ್ತೆಯಲ್ಲೇ ಶಾಲೆಗೆ ಹೋಗುತ್ತಾರೆ. ಅವರ ಸಪ್ಪಳ ನನಗೆ ಗೊತ್ತು.

ಅಕ್ಕ


ಮೇ 21

ಮಗಳಿಗೆ,

ನಿನ್ನ ತಂಗಿ ವಿಳಾಸ ಕೊಟ್ಟಳು. ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಹೆಬ್ಬೆರಳು.

ಮೂರು ಅಳತೆ ಇದೆ. ಹುಡುಗಿಯದು ಅವಸರ, ಮಕ್ಕಳ ಕಾಲು ಕಾಯುವುದಿಲ್ಲ. ಎಡ ಹಿಮ್ಮಡಿ ಒಳಗೆ ತಿರುಗಿದೆ, ಮೂರು ವರ್ಷದ ಕೆಳಗೆ ಅಂಚೆಯವನ ಮಗನಿಗೆ ನಾವಿಬ್ಬರೂ ಸೇರಿ ಮಾಡಿದ್ದೆವಲ್ಲ, ಆ ಥರ. ಮರ ಒಣಗಿದೆ. ನಿನ್ನ ಮಣೆಯ ಎತ್ತರ ಬದಲಾಯಿಸಿಲ್ಲ.

ಮೇಷ್ಟ್ರು ಏಪ್ರಿಲ್ ಮೊದಲಲ್ಲಿ ಬಂದಿದ್ದರು. ಹಳೆಯ ಬೂಟಿನ ಅಟ್ಟೆ ಕಿತ್ತಿತ್ತು. ನಾನು ಏನೂ ಕೇಳದೆ ಹೊಸ ಜೊತೆಯನ್ನು ಮುಂದಿಟ್ಟೆ. ಬಹಳ ಹೊತ್ತು ನೋಡಿ ಹಾಕಿಕೊಂಡರು. ಈಗ ಅದನ್ನೇ ಹಾಕುತ್ತಾರೆ. ಬಂದಿರುವ ಮೂವರನ್ನೂ ಕಳಿಸಿದ್ದು ಅವರೇ. ನಿನ್ನ ತಂಗಿ ಬೇರೆ ಏನೋ ಹೇಳಿರುತ್ತಾಳೆ, ಅದು ಅವಳ ಸ್ವಭಾವ.

ದೊಡ್ಡ ಮಗಳು ಎಲ್ಲಿ ಎಂದು ಕೇಳಿದರು. ಬೇರೆ ಊರಲ್ಲಿದ್ದಾಳೆ ಅಂದೆ. "ನಾನು ಬೂಟು ಬಿಟ್ಟು ಹೋದೆ, ಮಗಳನ್ನ ಕಳಿಸಿ ಅಂದಿರಲಿಲ್ಲವಲ್ಲ" ಅಂದರು. ನಾನೂ ಕಳಿಸಿರಲಿಲ್ಲ. ನಿಲ್ಲು ಅಂತಲೂ ಅನ್ನಲಿಲ್ಲ.

ಇನ್ನೊಂದು ವಿಷಯ. ಅವತ್ತು ನೀನು ಫೋನ್ ಹಿಡಿದಿದ್ದನ್ನು ಪರದೆಯ ಸಂದಿಯಿಂದ ನೋಡಿದ್ದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಮಗಳ ಕೆಲಸವನ್ನು ನಾಲ್ಕು ಜನ ನೋಡಲಿ ಅನ್ನಿಸಿತು. ಆಮೇಲೆ ಮರೆತೆ ಅಂತ ಹೇಳಿದೆ. ಮರೆತಿರಲಿಲ್ಲ. ಅದು ಸುಳ್ಳು.

ಬಾ.

ಅಪ್ಪ


ಜೂನ್ 2

ಕಪಿಗೆ,

ಹದಿನಾಲ್ಕಕ್ಕೆ ಬರುತ್ತೇನೆ, ಬೆಳಗಿನ ಬಸ್ಸು. ಕಂಪನಿಗೆ ರಾಜೀನಾಮೆ ಕಾಗದ ಕೊಟ್ಟಾಯಿತು. ಅಪ್ಪನಿಗೆ ನೀನೇ ಹೇಳು, ನನಗೆ ಬರೆಯಲು ಆಗುತ್ತಿಲ್ಲ. ಉಳಿಗಳನ್ನು ಮಸೆದಿಡು. ಮಸೆಯಲು ಬರದಿದ್ದರೆ ಮುಟ್ಟಬೇಡ.

ಮೂವರೂ ಬ್ಲಾಗ್ ಓದಿ ಬಂದವರೆಂಬ ಸುಳ್ಳಿಗೆ ನಾನು ಬಂದ ಮೇಲೆ ವಿಚಾರಣೆ.

ಅಕ್ಕ


ಜೂನ್ 7

ವನವಾಸ ಮುಗಿಸಿ ಸಿಂಹಾಸನದತ್ತ, ಅಂದರೆ ಮೂರು ಕಾಲಿನ ಮಣೆಯತ್ತ, ಬೆಳಗಿನ ಬಸ್ಸಿನಲ್ಲಿ ಪ್ರಯಾಣ ಬೆಳೆಸಲಿರುವ ಶ್ರೀಮನ್ಮಹಾ ಅಕ್ಕನಿಗೆ,

ಅಪ್ಪನಿಗೆ ಹೇಳಿದೆ. "ಹ್ಞೂಂ" ಅಂದರು. ಆಮೇಲೆ ಮೇಜಿನ ಹತ್ತಿರ ಹೋಗಿ, ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಕರಾರಿನ ಕಾಗದಕ್ಕೆ ಸಹಿ ಹಾಕಿದರು. ಒಂದು ಸಹಿಗೆ ಒಂದು ನಿಮಿಷ ಬೇಕಾಯಿತು. ಆಮೇಲೆ ನಿನ್ನ ಮಣೆಯ ಮೇಲಿದ್ದ ನನ್ನ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟರು. ಉಳಿಗಳನ್ನು ನಾನು ಮುಟ್ಟಿಲ್ಲ, ಅವರೇ ಮಸೆಯುತ್ತಿದ್ದಾರೆ. ಒಂದು ಉಳಿಗೆ ಅರ್ಧ ದಿನ.

ಇನ್ನು ತೀರ್ಪು. ಐದು ತಿಂಗಳ ಕಠಿಣ ವಿಚಾರಣೆಯ ತರುವಾಯ, ವ್ಯಾಪಾರವನ್ನು ಬೆಳೆಸುವುದು ಸೋಷಿಯಲ್ ಮೀಡಿಯಾವೋ ಬ್ಲಾಗೋ ಎಂಬ ಘನ ಪ್ರಶ್ನೆಗೆ ಈ ನ್ಯಾಯಾಲಯವು ಬ್ಲಾಗಿನ ಪರವಾಗಿ ತೀರ್ಪು ಕೊಡಬೇಕೆಂದಿತ್ತು. ಅಷ್ಟರಲ್ಲಿ ಅಪ್ಪ ಮೇಷ್ಟ್ರ ವಿಷಯ ಬರೆದು ಸಾಕ್ಷಿಯನ್ನೇ ಕೆಡಿಸಿದರು. ಒಪ್ಪಿದೆ, ಗಿರಾಕಿಗಳನ್ನು ಕರೆತಂದಿದ್ದು ಸಂತೆಯೂ ಅಲ್ಲ, ಬೋರ್ಡೂ ಅಲ್ಲ. ನೆಟ್ಟಗೆ ನಡೆದುಕೊಂಡು ಶಾಲೆಗೆ ಹೋದ ಒಬ್ಬ ಮನುಷ್ಯ.

ವಿಚಾರಣೆಗೆ ಮೊದಲೇ ತಪ್ಪೊಪ್ಪಿಗೆ ಬರೆದುಕೊಟ್ಟರೆ ಶಿಕ್ಷೆ ಕಡಿಮೆಯಾಗುತ್ತದೆಂದು ಕೇಳಿದ್ದೇನೆ. ಹಾಗಾಗಿ ಒಂದು ಸಣ್ಣ ವಿಷಯ.

ಬ್ಲಾಗ್ ಬರೆದ ಮೇಲೆ ಅದನ್ನು ಲೋಕಕ್ಕೆಲ್ಲ ತೆರೆಯಲು ಒಂದು ಗುಂಡಿ ಇರುತ್ತದೆ. ಅದನ್ನು ನಾನು ಒತ್ತಲೇ ಇಲ್ಲ. ವಿಳಾಸ ಗೊತ್ತಿದ್ದವರಿಗೆ ಮಾತ್ರ ಅದು ಕಾಣುತ್ತದೆ, ವಿಳಾಸ ಕೊಟ್ಟಿದ್ದು ನಿನಗೊಬ್ಬಳಿಗೆ. ಫೆಬ್ರವರಿಯ ಕೊನೆಯಲ್ಲಿ ಅಪ್ಪ ಬಂದು ಹಿಂದೆ ನಿಂತು, "ಇದನ್ನ ಎಷ್ಟು ಜನ ಓದ್ತಾರೆ?" ಎಂದು ಕೇಳಿದರು. "ಒಬ್ಬಳು" ಅಂದೆ. ಅಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು, "ಬರ್ಕೋ" ಅಂದರು.

ತಂಗಿ